ಕೇಳಿ, ಹೇಳ್ತೀನಿ: ಹೆಂಡತಿಗೆ ಮೊದಲ ಪಿಸ್ತೂಲು ಯಾವುದು?

(ಅಮೆರಿಕದಲ್ಲಿರುವ ಕನ್ನಡಿಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿರುವವರು ತೀರ್ಥಹಳ್ಳಿ ಕಡೆಯವರು. ಈಗ ಟೆಕ್ಸಾಸ್‌ನ ರೌಂಡ್ ರಾಕ್‌ನಲ್ಲಿದ್ದಾರೆ. ವಾರಾಂತ್ಯದಲ್ಲಿ ಹೊಸಬರಿಗೆ ಪಿಸ್ತೂಲು ಬಳಕೆ ಕಲಿಸುತ್ತಾರೆ.)

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರದ ಫ್ರಿಸ್ಕೊದಲ್ಲಿದ್ದೇವೆ. ನನಗೂ ಹೆಂಡತಿಗೂ ಗ್ರೀನ್ ಕಾರ್ಡ್ ಬಂದಿದೆ. ಕೆಲಸದ ಮೇಲೆ ನಾನು ವಾರದಲ್ಲಿ ಮೂರ್ನಾಲ್ಕು ದಿನ ಊರಲ್ಲಿ ಇರುವುದಿಲ್ಲ. ಮನೆಯಲ್ಲಿ ಅವಳು, ಆರು ವರ್ಷದ ಮಗಳು ಇಬ್ಬರೇ. ಹೋದ ತಿಂಗಳು ನಮ್ಮ ಬೀದಿಯಲ್ಲೇ ಕಳ್ಳತನ ಆಯಿತು. ಆಮೇಲೆ ಅವಳೇ ಒಂದು ಪಿಸ್ತೂಲು ಇಟ್ಟುಕೊಳ್ಳೋಣ ಅಂದಳು. ಅವಳ ಕೈ ಚಿಕ್ಕದು, ಮಣಿಕಟ್ಟಿನಲ್ಲಿ ಆಗಾಗ ನೋವು. ಅಂಗಡಿಯಲ್ಲಿ ಕೇಳಿದರೆ ಅಂಗೈಯೊಳಗೆ ಕೂರುವಂಥ ಸಣ್ಣ .380 (ಇದು ಗುಂಡಿನ ಅಳತೆ) ಪಿಸ್ತೂಲು ತೋರಿಸಿ, ಹೆಂಗಸರಿಗೆ ಇದೇ ಸರಿ ಅಂದರು. ಬರುವ ತಿಂಗಳು ಅವಳ ಹುಟ್ಟುಹಬ್ಬ. ಹೇಳದೇ ತಂದುಕೊಡೋಣ ಅಂತಿದ್ದೇನೆ. ಸರಿಯೇ?

ಉತ್ತರ: ಹೇಳದೇ ತರಬೇಡಿ. ಹುಟ್ಟುಹಬ್ಬಕ್ಕೆ ಬೇರೆ ಏನಾದರೂ ಕೊಡಿ. ಪಿಸ್ತೂಲನ್ನು ಮಾತ್ರ ಅವರೇ ಕೈಯಲ್ಲಿ ಹಿಡಿದು, ಹೊಡೆದು ನೋಡಿ, ಆರಿಸಿಕೊಳ್ಳಬೇಕು. ಉಡುಗೊರೆಯಾಗಿ ಕೊಂಡರೆ ಕಾನೂನಿನ ಅಡ್ಡಿ ಇಲ್ಲ. ಆದರೆ ನೀವು ಆರಿಸಿದ್ದು ನಿಮ್ಮ ಕೈಗೆ ಹೊಂದುತ್ತದೆ, ನೀವಿಲ್ಲದ ರಾತ್ರಿ ಅದನ್ನು ಹಿಡಿಯುವುದು ಅವರ ಕೈ. ಗಂಡ ಪ್ರೀತಿಯಿಂದ ತಂದುಕೊಟ್ಟ ಪಿಸ್ತೂಲು ಒಂದೇ ಸಲ ಹೊಡೆಸಿಕೊಂಡು ಡಬ್ಬಿ ಸೇರಿದ್ದನ್ನು ನನ್ನ ತರಗತಿಗೆ ಬರುವ ಹೆಣ್ಣುಮಕ್ಕಳಿಂದ ಮತ್ತೆ ಮತ್ತೆ ಕೇಳಿದ್ದೇನೆ. ಬೇಡ ಅನ್ನೋಕೆ ಸಂಕೋಚ, ಹೊಡೆಯೋಕೆ ಭಯ.

ಇನ್ನು ಅಂಗಡಿಯವರು ಹೇಳಿದ ಮಾತು. ಕೈ ಚಿಕ್ಕದು, ಆದ್ದರಿಂದ ಪಿಸ್ತೂಲೂ ಚಿಕ್ಕದು ಅನ್ನುವ ಲೆಕ್ಕ ಕೇಳಲು ಸರಿ ಅನ್ನಿಸುತ್ತದೆ. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ನಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಗುಂಡು ಮುಂದಕ್ಕೆ ಹೋದ ಬಲವೇ ಪಿಸ್ತೂಲನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ತೂಲು ಹಗುರ ಇದ್ದಷ್ಟೂ ಆ ಒದೆತ ಜೋರು. ರೂಗರ್ ಎಲ್‌ಸಿಪಿ ಥರದ ಜೇಬಿನ .380 ಖಾಲಿ ಇದ್ದಾಗ 300 ಗ್ರಾಂ ಕೂಡ ತೂಗುವುದಿಲ್ಲ. ಹಿಡಿ ಎಷ್ಟು ಗಿಡ್ಡ ಅಂದರೆ ಕಿರುಬೆರಳು ಕೆಳಗೆ ಗಾಳಿಯಲ್ಲಿ ನೇತಾಡುತ್ತದೆ. ಇಡೀ ಒದೆತ ಹೆಬ್ಬೆರಳು, ತೋರುಬೆರಳ ನಡುವಿನ ಮೆತ್ತನೆ ಜಾಗಕ್ಕೆ ಬಂದು ಬಡಿಯುತ್ತದೆ. ಮಣಿಕಟ್ಟು ನೋವಿರುವವರಿಗೆ ಇದು ಖಂಡಿತ ಬೇಡ. ಅದೇ ಗ್ಲಾಕ್ 19 ಖಾಲಿಯಿದ್ದಾಗ ಸುಮಾರು 600 ಗ್ರಾಂ, ಹೊಡೆಯುವುದು ಇನ್ನೂ ಬಲವಾದ 9 ಎಂಎಂ ಗುಂಡು. ಆದರೂ ಹೊಸಬರ ಕೈಗೆ ಎರಡನ್ನೂ ಕೊಟ್ಟರೆ, ದೊಡ್ಡದೇ ಹಾಯಾಗಿದೆ ಅನ್ನುವವರು ಜಾಸ್ತಿ. ಸಣ್ಣ ಪಿಸ್ತೂಲುಗಳು ಮಾಡಿರುವುದು ಬಚ್ಚಿಟ್ಟುಕೊಂಡು ಓಡಾಡುವವರಿಗೆ. ನಿಮ್ಮದು ಮನೆಯಲ್ಲೇ ಇರುವಂಥದ್ದು, ಅಲ್ವಾ? ಹಾಗಿದ್ದ ಮೇಲೆ ಚಿಕ್ಕದರ ಕಷ್ಟ ಸುಮ್ನೆ ಯಾಕೆ ಹೊರಬೇಕು?

'ಹೆಂಗಸರ ರಿವಾಲ್ವರ್' ಅಂತ ಇನ್ನೊಂದನ್ನೂ ತೋರಿಸುತ್ತಾರೆ. ಸ್ಮಿತ್ ಅಂಡ್ ವೆಸನ್ 642 ಥರದ್ದು, ಐದು ಗುಂಡಿನದು, ಸುಮಾರು 400 ಗ್ರಾಂ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡ್ ಇದಕ್ಕಿಲ್ಲ, ಅದನ್ನು ಎಳೆಯುವ ತಾಪತ್ರಯ ಇಲ್ಲ, ನಿಜ. ಆದರೆ ಅದರ ಟ್ರಿಗರ್ ಎಳೆಯಲು 5 ಕಿಲೋ ಆಸುಪಾಸಿನ ಬಲ ಬೇಕು. 400 ಗ್ರಾಂನ ವಸ್ತುವನ್ನು ಅಷ್ಟು ಬಲ ಹಾಕಿ ಎಳೆಯುತ್ತಾ ಅಲುಗದಂತೆ ಹಿಡಿಯುವುದು ಪಳಗಿದವರಿಗೂ ಕಷ್ಟ. ಮೊದಲ ಬಂದೂಕಾಗಿ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಕೈಗೆ ಸರಿಹೊಂದುತ್ತದೋ ಇಲ್ಲವೋ ಅಂತ ಅಂಗಡಿಯಲ್ಲೇ ನೋಡಬಹುದು. ಮೊದಲು ಗುಂಡು ತುಂಬುವ ಮ್ಯಾಗಜೀನ್ ತೆಗೆಸಿ, ಸ್ಲೈಡ್ ಹಿಂದಕ್ಕೆ ನಿಲ್ಲಿಸಿ, ಒಳಗೆ ಗುಂಡಿಲ್ಲ ಅಂತ ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಳ್ಳಲಿ. ಅಂಗಡಿಯವರು ನೋಡಿ ಕೊಟ್ಟಿದ್ದರೂ ನಿಮ್ಮ ಹೆಂಡತಿಯೇ ಮತ್ತೆ ನೋಡಬೇಕು. ಆಮೇಲೆ ಹಿಡಿಯನ್ನು ಆದಷ್ಟು ಮೇಲೆ, ಸ್ಲೈಡ್‌ಗೆ ತಾಗದ ಹಾಗೆ ಹಿಡಿಯಲಿ. ನಳಿಗೆ ಮೊಣಕೈವರೆಗಿನ ಮೂಳೆಯ ನೇರಕ್ಕೆ ಇರಬೇಕು. ಹಾಗೆ ಹಿಡಿದಾಗ ತೋರುಬೆರಳ ತುದಿಯ ಗಿಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಸಲೀಸಾಗಿ ಕೂರಬೇಕು. ಬೆರಳು ಮುಟ್ಟಿಸಲು ಪಿಸ್ತೂಲನ್ನು ಅಂಗೈಯಲ್ಲಿ ತಿರುಗಿಸಿಕೊಳ್ಳಬೇಕಾಗಿ ಬಂದರೆ ಅದು ಅವರ ಕೈಗೆ ದೊಡ್ಡದು. ಈಗಿನ ಬಹಳ ಪಿಸ್ತೂಲುಗಳಲ್ಲಿ ಹಿಡಿಯ ಹಿಂಭಾಗದ ತುಂಡನ್ನು ಬದಲಾಯಿಸಿ ದಪ್ಪ ಹೆಚ್ಚು ಕಮ್ಮಿ ಮಾಡಬಹುದು. ಸಣ್ಣ ತುಂಡು ಹಾಕಿ ತೋರಿಸಿ ಅಂತ ಕೇಳಿ.

ಮುಂದಿನದು ಸ್ಲೈಡ್. ನನ್ನಿಂದ ಎಳೆಯೋಕೇ ಆಗಲ್ಲ ಅಂತ ಕಣ್ಣೀರು ಹಾಕಿದವರನ್ನು ಕಂಡಿದ್ದೇನೆ. ಹೆಚ್ಚಿನ ಸಲ ಅದು ಶಕ್ತಿಯ ಸಮಸ್ಯೆ ಆಗಿರುವುದಿಲ್ಲ. ಎರಡು ಬೆರಳಲ್ಲಿ ಚಿವುಟಿದ ಹಾಗೆ ಹಿಡಿದು, ಕೈ ಚಾಚಿ ಎಳೆಯುತ್ತಾರೆ. ಅದು ಬರುವುದಿಲ್ಲ. ಪಿಸ್ತೂಲನ್ನು ಎದೆಯ ಹತ್ತಿರ ತಂದುಕೊಳ್ಳಬೇಕು, ನಳಿಗೆ ಮಾತ್ರ ಗುರಿಯ ಕಡೆಗೇ ಇರಬೇಕು. ಎಡಗೈಯ ಇಡೀ ಅಂಗೈಯಿಂದ ಸ್ಲೈಡನ್ನು ಮೇಲಿಂದ ಬಿಗಿಯಾಗಿ ಅಪ್ಪಿ ಹಿಡಿಯಬೇಕು. ಆ ಕೈ ಅಲ್ಲೇ ನಿಲ್ಲಲಿ. ಬಲಗೈಯಲ್ಲಿರುವ ಹಿಡಿಯನ್ನು ಜೋರಾಗಿ ಮುಂದಕ್ಕೆ ತಳ್ಳಿ, ತಕ್ಷಣ ಎಡಗೈ ಬಿಟ್ಟುಬಿಡಬೇಕು. ಭುಜದ ಬಲವೆಲ್ಲ ಕೆಲಸಕ್ಕೆ ಬರುತ್ತದೆ. ಖಟ್ ಅಂತ ಸ್ಲೈಡ್ ತನ್ನಷ್ಟಕ್ಕೆ ಮುಂದೆ ಬಂದು ಕೂರುತ್ತದೆ. ಅದುವರೆಗೆ ಆಗಲ್ಲ ಅಂದವರ ಮುಖ ಆಗ ನೋಡಬೇಕು!

ಹೀಗೆ ಕಲಿತ ಮೇಲೂ ಮಣಿಕಟ್ಟು ಬಿಡದಿದ್ದರೆ, ಸ್ಮಿತ್ ಅಂಡ್ ವೆಸನ್‌ನವರ ಶೀಲ್ಡ್ ಈಜಡ್ ಹಿಡಿದು ನೋಡಲಿ. ಸ್ಲೈಡ್ ಸುಲಭವಾಗಿ ಎಳೆಯಲು ಬರಲಿ ಅಂತಲೇ ಮಾಡಿದ್ದು. .380ರದ್ದು 2018ರಲ್ಲಿ, 9 ಎಂಎಂದು 2020ರಲ್ಲಿ ಬಂತು. ಮ್ಯಾಗಜೀನ್ ಪಕ್ಕದ ಗುಬುಟು ಒತ್ತಿ ಹಿಡಿದರೆ ಗುಂಡು ತುಂಬುವುದೂ ಹಗುರ. ನಿಮಗೆ ತೋರಿಸಿದ ಜೇಬಿನ .380ಗೂ ಇದಕ್ಕೂ ಗುಂಡು ಒಂದೇ, ಆದರೆ ಇದು ಕೈ ತುಂಬ ಸಿಗುವಂಥದ್ದು, ತೂಕವೂ ಇದೆ. ವಾಲ್ಥರ್ ಪಿಡಿಪಿ ಎಫ್, 2022ರದ್ದು, ಸಣ್ಣ ಕೈಗಳ ಅಳತೆ ಇಟ್ಟುಕೊಂಡೇ ಮಾಡಿದ್ದು. ಗ್ಲಾಕ್ 19 ಜೊತೆ ಈ ಎರಡನ್ನೂ ಬಾಡಿಗೆಗೆ ಕೊಡುವ ರೇಂಜ್ ಹುಡುಕಿ. ಕೊಳ್ಳುವ ಮುಂಚೆ ಮೂರರಲ್ಲೂ ಹೊಡೆಯಲಿ. ಮೂರೂ ಹಿಡಿಸದೇ ನಾಲ್ಕನೆಯದೊಂದು ಹಿಡಿಸಿದರೆ ಅದೇ ಸರಿ. ನನ್ನ ಮಾತಿಗಿಂತ ಅವರ ಅಂಗೈ ಮುಖ್ಯ.

ಆದರೆ ಮೊದಲ ದಿನವೇ ಇವುಗಳಿಂದ ಶುರು ಮಾಡಬೇಡಿ. ಮೊದಲು .22, ಅಂದರೆ ತೀರ ಸಣ್ಣ ಗುಂಡಿನ ಪಿಸ್ತೂಲು. ರೂಗರ್ ಮಾರ್ಕ್ 4 ಆಗಲಿ, ಬಾಡಿಗೆಗೆ ಸಿಗುವ ಇನ್ಯಾವುದೇ ಆಗಲಿ. ಒದೆತ ಇಲ್ಲವೆನ್ನುವಷ್ಟು ಕಮ್ಮಿ, ಗುಂಡೂ ಅಗ್ಗ. ಮ್ಯಾಗಜೀನ್‌ಗೆ ಒಂದೇ ಗುಂಡು ತುಂಬಿ ಕೊಡಲು ಹೇಳಿ. ಒಂದು ಹೊಡೆದು, ನಿಲ್ಲಿಸಿ, ಉಸಿರು ಬಿಟ್ಟು, ಮತ್ತೊಂದು. ಒಲೆಯಿಂದ ಹಾಲಿನ ಪಾತ್ರೆ ಇಳಿಸುವಾಗ ಇಕ್ಕಳ ಎಷ್ಟು ಬಿಗಿ ಹಿಡಿಯುತ್ತೇವೋ ಅಷ್ಟು ಬಿಗಿ ಸಾಕು. ಮಣಿಕಟ್ಟು ಸಡಿಲ ಬಿಟ್ಟರೆ ಪಿಸ್ತೂಲು ಖಾಲಿ ತೋಟೆಯನ್ನು ಪೂರ್ತಿ ಹೊರಹಾಕದೆ ಸಿಕ್ಕಿಕೊಳ್ಳುತ್ತದೆ.

ಬಟ್ಟೆಯ ವಿಷಯ ಗಂಡಸರು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕುತ್ತಿಗೆವರೆಗೆ ಮುಚ್ಚುವ ಟೀ ಶರ್ಟ್ ಹಾಕಿಕೊಳ್ಳಲಿ. ಸ್ಲೈಡ್ ಪಕ್ಕದಿಂದ ಹಾರಿ ಬರುವ ಖಾಲಿ ತೋಟೆ ಸುಡುವಷ್ಟು ಬಿಸಿ ಇರುತ್ತದೆ. ಅಗಲ ಕತ್ತಿನ ಕುರ್ತಾದೊಳಗೆ ಬಿದ್ದರೆ ಯಾರಾದರೂ ಕುಣಿದಾಡುತ್ತಾರೆ, ಕೈಯಲ್ಲಿ ಪಿಸ್ತೂಲು ಇರುವಾಗ ಹಾಗೆ ಆಗಬಾರದು. ಬಳೆ ತೆಗೆದಿಡಲಿ, ದುಪಟ್ಟಾ ಬೇಡ. ಮಾಂಗಲ್ಯದ ಸರ ಟೀ ಶರ್ಟ್ ಒಳಗಿರಲಿ. ತಲೆಗೆ ಮುಂದೆ ಅಂಚಿರುವ ಟೋಪಿ ಹಾಕಿದರೆ ತೋಟೆ ಬಂದು ಕನ್ನಡಕದ ಸಂದಿಯಲ್ಲಿ ಕೂರುವುದಿಲ್ಲ. ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್, ಎರಡೂ ಇರಲಿ. ಹೊಸಬರು ಬೆಚ್ಚಿಬೀಳುವುದು ಅರ್ಧ ಸದ್ದಿಗೇ.

ಮತ್ತೆ ನೀವು. ನೀವು ಹಿಂದಿನ ಬೆಂಚಿನಲ್ಲಿ ಕೂತಿರಿ. ಕಲಿಸಲು ಬೇರೆಯವರಿರಲಿ. ಗಂಡ ಪಕ್ಕದಲ್ಲಿ ನಿಂತು 'ಹೀಗಲ್ಲ, ಹಾಗೆ' ಅನ್ನುತ್ತಿದ್ದರೆ ಕಲಿಯುವವರ ಕಣ್ಣು ಗುರಿ ಬಿಟ್ಟು ಗಂಡನ ಮುಖದ ಮೇಲೆ ಹೋಗುತ್ತದೆ. ಹೆಂಗಸರದ್ದೇ ಗುಂಪುಗಳಿವೆ. ಟೆಕ್ಸಾಸ್‌ನಲ್ಲೇ ಶುರುವಾದ 'ಎ ಗರ್ಲ್ ಅಂಡ್ ಎ ಗನ್' ಅಂಥದ್ದೊಂದು. ಅಲ್ಲಿ ಪ್ರಶ್ನೆ ಕೇಳಲು ಯಾರಿಗೂ ನಾಚಿಕೆ ಆಗುವುದಿಲ್ಲ.

ಈಗ ಮಗಳ ವಿಷಯ. ಇದನ್ನು ನಿಧಾನವಾಗಿ ಓದಿ. ಪಿಸ್ತೂಲು ಬರುವ ದಿನಕ್ಕೆ ಮುಂಚೆ ಬೀಗದ ಪೆಟ್ಟಿಗೆ ಮನೆಗೆ ಬಂದಿರಬೇಕು. ಗುಂಡಿ ಒತ್ತಿ ಬೇಗ ತೆರೆಯುವಂಥದ್ದು, ಮಂಚದ ಪಕ್ಕ ಅಲುಗಾಡದಂತೆ ಬಿಗಿದಿರಲಿ. ಅಕ್ಕಿ ಡಬ್ಬದ ಹಿಂದೆ, ಸೀರೆ ಮಡಿಕೆಯ ನಡುವೆ, ದೇವರ ಮನೆಯ ಮೇಲಿನ ಅಟ್ಟದಲ್ಲಿ ಬಚ್ಚಿಡುವುದು ನಮ್ಮ ಜನದ ಅಭ್ಯಾಸ. ಆರು ವರ್ಷದ ಮಗುವಿಗೆ ಆ ಜಾಗಗಳೆಲ್ಲ ನಿಮಗಿಂತ ಚೆನ್ನಾಗಿ ಗೊತ್ತಿರುತ್ತವೆ. ಟೆಕ್ಸಾಸ್ ಕಾನೂನಿನಲ್ಲಿ 17ರೊಳಗಿನ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಸಿಗುವ ಹಾಗೆ ಬಿಡುವುದೇ ಅಪರಾಧ. ನಮ್ಮ ಊರಲ್ಲಿ ತೋಟಕ್ಕೆ ಬರುವ ಮಂಗ, ಹಂದಿ ಓಡಿಸಲು ಲೈಸೆನ್ಸಿನ ಕೋವಿ ಇಡುತ್ತಾರೆ. ಕೋವಿ ಮೂರಡಿಗೂ ಉದ್ದ, ಮಗು ಎತ್ತಿದರೆ ಕಾಣುತ್ತದೆ. ಪಿಸ್ತೂಲು ಹಾಗಲ್ಲ, ಪುಟ್ಟ ಕೈಯಲ್ಲಿ ಯಾವ ಕಡೆಗೆ ಬೇಕಾದರೂ ಕ್ಷಣದಲ್ಲಿ ತಿರುಗುತ್ತದೆ.

ಇನ್ನೊಂದು. ಮನೆಯಲ್ಲಿ ಯಾರಿಗಾದರೂ ಖಿನ್ನತೆ ಇದ್ದರೆ, ಬದುಕು ಬೇಡ ಅನ್ನುವ ಮಾತು ಎಂದಾದರೂ ಬಂದಿದ್ದರೆ, ಪಿಸ್ತೂಲು ತರಲೇಬೇಡಿ. ಮನೆಯಲ್ಲಿ ಬಂದೂಕು ಇದ್ದರೆ ಆತ್ಮಹತ್ಯೆಯ ಅಪಾಯ ಹೆಚ್ಚುತ್ತದೆ. ಬಾಗಿಲಿಗೆ ಗಟ್ಟಿ ಬೀಗ, ಅಲಾರಂ, ಹೊರಗೆ ದೀಪ ಹಾಕಿಸಿ. ಇವನ್ನು ನೀವು ಹೇಗೂ ಮೊದಲು ಮಾಡಿಸಬೇಕು.

ಅಂಗಡಿಗೆ ಇಬ್ಬರೂ ಹೋಗಿ, ಅವರ ಪಿಸ್ತೂಲಿಗೆ ಅವರೇ 4473 ಫಾರಂ (ಬಂದೂಕು ಕೊಳ್ಳುವವರು ತುಂಬುವ ಫೆಡರಲ್ ಫಾರಂ) ತುಂಬಲಿ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ತುಂಬಿರಬೇಕು, ಗ್ರೀನ್ ಕಾರ್ಡ್ ಜೊತೆಗಿರಲಿ. ಊರಿಂದ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಾಗ 'ನೋಡಿ ಮಾವ' ಅಂತ ಕೈಗೆ ಕೊಡಬೇಡಿ. ಕಾರಣ ಕೆಳಗಿನ ಉತ್ತರದಲ್ಲಿದೆ.

ಪ್ರಶ್ನೆ: ನನ್ನ ಗಂಡನಿಗೆ ಗ್ರೀನ್ ಕಾರ್ಡ್ ಬಂದಿದೆ, ನನ್ನದು ಇನ್ನೂ ಬಾಕಿ. ಕೆಲಸದ ವೀಸಾದವರ ಹೆಂಡತಿಗೆ ಕೊಡುವ ಎಚ್-4 ವೀಸಾದಲ್ಲಿ ಬಂದವಳು ನಾನು. ಅವರು ನನಗಾಗಿ ಪಿಸ್ತೂಲು ಕೊಡಿಸಬಹುದೇ? ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಕಲಿಯಬಹುದೇ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಎರಡಕ್ಕೂ ಇಲ್ಲ. ಎಚ್-1ಬಿ, ಎಚ್-4, ಎಲ್-1, ಎಫ್-1, ವಿಸಿಟರ್, ಇಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕಾಗಲಿ ಗುಂಡಾಗಲಿ ಹೊಂದಿರಬಾರದು ಅಂತ ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನು ಹೇಳುತ್ತದೆ. ರೇಂಜ್‌ನಲ್ಲಿ ಸ್ವಲ್ಪ ಹೊತ್ತು ಬಾಡಿಗೆಗೆ ಹಿಡಿದರೂ ಅದು ಹೊಂದಿದ ಹಾಗೇ. ತಪ್ಪಿದರೆ 15 ವರ್ಷದವರೆಗೆ ಜೈಲು. 2022ಕ್ಕೆ ಮುಂಚೆ 10 ವರ್ಷ ಇತ್ತು. ನಿಮಗೆ ಈ ನಿಷೇಧ ಇದೆ ಅಂತ ಗೊತ್ತಿದ್ದೂ ಗಂಡ ತಂದುಕೊಟ್ಟರೆ ಅವರದ್ದೂ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. ಸ್ನೇಹಿತರು ಅದನ್ನು ಸುಲಭದ ದಾರಿ ಅಂತ ಹೇಳಬಹುದು. ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿರುವಾಗ ವಕೀಲರನ್ನು ಕೇಳದೆ ಅದನ್ನು ನೆಚ್ಚಬೇಡಿ. ಗಂಡ ತಮಗೇ ಅಂತ ಕೊಂಡರೆ ಬೀಗದ ಕೀಲಿ, ಸಂಖ್ಯೆ ಯಾವುದೂ ನಿಮ್ಮ ಬಳಿ ಇರಬಾರದು.

ಕಾರ್ಡ್ ಕೈಗೆ ಬಂದ ಮೇಲೆ ಕಲಿಯಿರಿ, ಖಂಡಿತ ಕಲಿಯಿರಿ. ಆದರೆ ರೇಂಜ್‌ಗೆ ಒಯ್ಯುವ ಚೀಲವನ್ನು ಅದಕ್ಕೇ ಮೀಸಲಿಡಿ, ಊರಿಗೆ ಹೊರಡುವಾಗ ಅದನ್ನು ಮುಟ್ಟಬೇಡಿ. ಜೇಬಿನ ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೂ ಭಾರತದಲ್ಲಿ ಆರ್ಮ್ಸ್ ಆ್ಯಕ್ಟ್ ಕೆಳಗೆ ಕೇಸು ಬೀಳುತ್ತದೆ. ಗೊತ್ತಿಲ್ಲದೆ ಉಳಿದದ್ದು ಅಂತ ಸಾಬೀತು ಮಾಡಲು ಹೈಕೋರ್ಟ್‌ವರೆಗೆ ಹೋದವರಿದ್ದಾರೆ.

ಪ್ರಶ್ನೆ: ಗಂಡ ಪ್ರತಿ ಭಾನುವಾರ ಇಂಡೋರ್ ರೇಂಜ್‌ಗೆ ಹೋಗುತ್ತಾರೆ, ನನ್ನನ್ನೂ ಕರೆಯುತ್ತಾರೆ. ನಾನೀಗ ಐದು ತಿಂಗಳ ಬಸುರಿ. ಕಿವಿಗೆ ಮಫ್ ಹಾಕಿಕೊಂಡು ಹೋಗಬಹುದೇ? (ಆಸ್ಟಿನ್)

ಉತ್ತರ: ಈಗ ಬೇಡ. ಮಫ್ ನಿಮ್ಮ ಕಿವಿಗೆ, ಮಗುವಿಗೆ ಅದು ಇಲ್ಲ. ಅದಕ್ಕಿಂತ ದೊಡ್ಡ ಚಿಂತೆ ಸೀಸ. ಹೆಚ್ಚಿನ ಗುಂಡುಗಳಲ್ಲೂ, ಅವುಗಳ ಹಿಂಭಾಗದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲೂ ಸೀಸ ಇರುತ್ತದೆ. ಹೊಡೆದಾಗ ಸಣ್ಣ ಧೂಳಾಗಿ ಗಾಳಿಗೆ ಸೇರುತ್ತದೆ, ಮುಚ್ಚಿದ ಜಾಗದಲ್ಲಿ ಇನ್ನೂ ಜಾಸ್ತಿ. ತಾಯಿಯ ರಕ್ತದಿಂದ ಅದು ಮಗುವಿಗೆ ದಾಟುತ್ತದೆ. ಮೊಲೆಹಾಲಿನಲ್ಲೂ ಹೋಗುತ್ತದೆ. ಹಾಗಾಗಿ ಹಾಲು ಬಿಡಿಸುವ ತನಕ ದೂರ ಇರಿ, ಆಮೇಲೆ ನಿಮ್ಮ ಡಾಕ್ಟರನ್ನು ಕೇಳಿ ಶುರು ಮಾಡಿ. ನಿಮ್ಮವರಿಗೂ ಒಂದು ಮಾತು ಹೇಳಿ. ರೇಂಜ್‌ನಿಂದ ಬಂದವರು ಚಪ್ಪಲಿ ಅಥವಾ ಶೂ ಬಾಗಿಲ ಹೊರಗೇ ಬಿಡಲಿ. ಸೋಪು ಹಾಕಿ ತಣ್ಣೀರಲ್ಲಿ ಕೈ, ಮುಖ ತೊಳೆಯಲಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಲಿ. ಪಿಸ್ತೂಲು ಒರೆಸುವ ಕೆಲಸ ಊಟದ ಮೇಜಿನ ಮೇಲೆ ಬೇಡ, ಗ್ಯಾರೇಜ್‌ನಲ್ಲಿ ಬಾಗಿಲು ತೆರೆದಿಟ್ಟು ಮಾಡಲಿ.