ಕಿಲೋಮೀಟರ್ ಆಮೇಲೆ, ಏರು ಮೊದಲು

ಗುಡ್ಡ, ಕಾಡು, ಮಣ್ಣುದಾರಿ ಇರುವ ಕಡೆ ಮೌಂಟನ್ ಬೈಕ್ ಹೊಡೆಯುವವರ ಪ್ರಶ್ನೆಗಳು ಒಂದಷ್ಟು ಒಟ್ಟಿಗೇ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಡಾಂಬರು ರಸ್ತೆಯಲ್ಲಿ 40 ಕಿ.ಮೀ. ಆರಾಮಾಗಿ ಹೋಗಿ ಬರುತ್ತೇನೆ. ಆದರೆ ಗುಡ್ಡದ ಕಡೆ 25 ಕಿ.ಮೀ. ದಾರಿ ಹಿಡಿದರೆ ಅರ್ಧಕ್ಕೇ ಕಾಲು ಸೋತುಹೋಗುತ್ತದೆ. ತೊಂದರೆ ನನ್ನದಾ, ಸೈಕಲ್ಲಿನದಾ?

ಉತ್ತರ: ಎರಡೂ ಅಲ್ಲ, ಲೆಕ್ಕದ್ದು. ಗುಡ್ಡದಲ್ಲಿ ಕಿಲೋಮೀಟರ್ ನೋಡಿ ದಾರಿ ಆರಿಸಿದರೆ ಹೀಗೇ ಆಗುವುದು. ಮೊದಲು ನೋಡಬೇಕಾದದ್ದು ಒಟ್ಟು ಏರು, ಅಂದರೆ ಇಡೀ ದಾರಿಯಲ್ಲಿ ಹತ್ತುವ ಮೀಟರುಗಳನ್ನೆಲ್ಲ ಕೂಡಿದರೆ ಎಷ್ಟಾಗುತ್ತದೆ ಅನ್ನುವುದು. ಅದನ್ನು ಕಿಲೋಮೀಟರಿನಿಂದ ಭಾಗಿಸಿ. ಕಿಲೋಮೀಟರಿಗೆ 10 ಮೀಟರ್ ಬಂದರೆ ಮಾತಾಡುತ್ತಾ ಹೋಗಬಹುದು. 20 ದಾಟಿದರೆ ಗುಡ್ಡ ಅಂದರೇನು ಅಂತ ಗೊತ್ತಾಗುತ್ತದೆ. 35-40 ಬಂದರೆ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಅಷ್ಟೇ ಅಲ್ಲ, ಆ ಏರೆಲ್ಲ ಎಲ್ಲಿ ಸೇರಿಕೊಂಡಿದೆ ಅನ್ನುವುದೂ ಮುಖ್ಯ. 200 ಮೀಟರ್ ಎತ್ತರವನ್ನು 4 ಕಿ.ಮೀ.ಯಲ್ಲಿ ಹತ್ತಿದರೆ ಅದು ಶೇ. 5ರ ಏರು, ಹಗುರ ಗೇರಿಗೆ ಹಾಕಿ ಕೂತುಕೊಂಡೇ ತುಳಿಯಬಹುದು. ಅದೇ 200 ಮೀಟರ್ ಒಂದೇ ಕಿಲೋಮೀಟರಿನಲ್ಲಿ ಬಂದರೆ ಶೇ. 20. ಸಡಿಲ ಜಲ್ಲಿಯ ಮೇಲೆ ಅದನ್ನು ಪೂರ್ತಿ ತುಳಿದು ಹತ್ತುವವರು ಕಡಿಮೆ: ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ, ಹಿಂದೆ ಕೂತರೆ ಮುಂದಿನ ಚಕ್ರ ಮೇಲೇಳುತ್ತದೆ. ಇಳಿದು ತಳ್ಳುವುದರಲ್ಲಿ ನಾಚಿಕೆ ಏನಿಲ್ಲ, ಆದರೆ ತಳ್ಳುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ.

ಹೊತ್ತಿನ ಲೆಕ್ಕಕ್ಕೆ ಒಂದು ಹಳೇ ಸೂತ್ರ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ನಡೆಯುವವರಿಗೆ ಕೊಟ್ಟದ್ದು: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಅದರ ಜೊತೆ ಸುಮಾರು 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸೈಕಲ್ಲಿಗೆ ನಾನು ಅದನ್ನೇ ಸ್ವಲ್ಪ ಬದಲಿಸಿಕೊಂಡಿದ್ದೇನೆ. ಕಾಡುದಾರಿಯಲ್ಲಿ 12 ಕಿ.ಮೀ.ಗೆ ಒಂದು ಗಂಟೆ, ಪ್ರತಿ 500 ಮೀಟರ್ ಏರಿಗೆ ಮತ್ತೊಂದು ಗಂಟೆ. ನಿಮ್ಮ 25 ಕಿ.ಮೀ.ಯಲ್ಲಿ 750 ಮೀಟರ್ ಏರಿದ್ದರೆ ಮೂರೂವರೆ ಗಂಟೆ ದಾಟುತ್ತದೆ. ಫೋಟೊ ತೆಗೆಯಲು ನಿಲ್ಲುವುದು ಬೇರೆ.

ಪ್ರಶ್ನೆ: ಒಂದೇ ದಾರಿಗೆ ಒಂದು ಆ್ಯಪ್ 620 ಮೀಟರ್ ಏರು ತೋರಿಸುತ್ತದೆ, ಇನ್ನೊಂದು 810. ಯಾವುದನ್ನು ನಂಬುವುದು?

ಉತ್ತರ: ಯಾವುದಾದರೂ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ. ಆ್ಯಪ್‌ಗಳು ಬಳಸುವ ಎತ್ತರದ ಅಂಕಿಗಳಲ್ಲಿ ಒಂದಷ್ಟು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರಿನಲ್ಲಿ ಅಳೆದವು. ಕಾಡು ದಟ್ಟವಾಗಿದ್ದ ಕಡೆ ಆ ರೇಡಾರ್ ನೆಲದವರೆಗೂ ಮುಟ್ಟಲಿಲ್ಲ, ಮರಗಳ ಎತ್ತರವೂ ಒಂದಿಷ್ಟು ಅದರಲ್ಲಿ ಬೆರೆತಿದೆ. ಅಲ್ಲದೆ ಅಳತೆಯ ಚೌಕಗಳು 30 ಮೀಟರ್, 90 ಮೀಟರ್ ಅಗಲದವು, ಒಂದು ಸಣ್ಣ ಹಳ್ಳಕ್ಕಿಳಿದು ಮೇಲೆದ್ದದ್ದು ಅದಕ್ಕೆ ಕಾಣುವುದೇ ಇಲ್ಲ. ಇದರ ಮೇಲೆ ಪ್ರತಿ ಆ್ಯಪ್ ತನ್ನದೇ ರೀತಿಯಲ್ಲಿ ಗೆರೆಯನ್ನು ನುಣುಪು ಮಾಡುತ್ತದೆ. ದೂರದ ಬೆಟ್ಟ ನುಣ್ಣಗೆ ಅನ್ನುವುದು ಇಲ್ಲಿ ಅಕ್ಷರಶಃ ನಿಜ! ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಸೈಕಲ್ ಕಂಪ್ಯೂಟರ್ ಇದ್ದರೆ ಸವಾರಿ ಮುಗಿದ ಮೇಲೆ ಅದರ ಅಂಕಿ ನೋಡಿ. ನಿಮ್ಮ ಆ್ಯಪ್ ಸಾಮಾನ್ಯವಾಗಿ ಎಷ್ಟು ಹೆಚ್ಚು ಅಥವಾ ಕಡಿಮೆ ಹೇಳುತ್ತದೆ ಅನ್ನುವ ಅಂದಾಜು ಸಿಗುತ್ತದೆ.

ಪ್ರಶ್ನೆ: ಸುತ್ತು ಹಾಕಿ ಹೊರಟಲ್ಲಿಗೇ ಬರುವ ದಾರಿ ನಾನೇ ಹಾಕಿಕೊಳ್ಳಬೇಕು. ಎಲ್ಲಿಂದ ಶುರು ಮಾಡುವುದು?

ಉತ್ತರ: ಒಳ್ಳೆ ಪ್ರಶ್ನೆ. ನನ್ನ ಪ್ರಕಾರ ಒಂದೇ ನಿಯಮ ಸಾಕು: ಅಗಲ ದಾರಿಯಲ್ಲಿ ಹತ್ತಿ, ಕಿರಿದಾರಿಯಲ್ಲಿ ಇಳಿಯಿರಿ. ಕಾಡಿನೊಳಗಿನ ಅಗಲ ಮಣ್ಣುರಸ್ತೆಗಳು ಹೆಚ್ಚಾಗಿ ಮರ ಸಾಗಿಸಲು ಮಾಡಿದವು. ಲೋಡು ಹೊತ್ತ ಲಾರಿ ಹತ್ತಬೇಕಲ್ವಾ, ಅದಕ್ಕೆ ಏರು ಸಾಮಾನ್ಯವಾಗಿ ಹದವಾಗಿರುತ್ತದೆ, ಬಳಸಿಕೊಂಡು ಮೇಲೆ ಹೋಗುತ್ತದೆ. ಕಿರಿದಾರಿಯನ್ನು ಹತ್ತಲು ಹೋದರೆ ಪ್ರತಿ ಬೇರಿಗೂ ಕಲ್ಲಿಗೂ ಶಕ್ತಿ ಸೋರಿಹೋಗುತ್ತದೆ. ಅದೇ ದಾರಿ ಇಳಿಯುವಾಗ ಮಜಾ. ಎಷ್ಟೋ ಜನ ಸುತ್ತನ್ನು ತಿರುಗಾಮುರುಗಾ ಹಾಕಿಕೊಂಡು, ಕಿರಿದಾರಿಯಲ್ಲಿ ಸೈಕಲ್ ಹೊತ್ತುಕೊಂಡು ಹತ್ತಿ, ಕೊನೆಗೆ ಸಪ್ಪೆ ಜಲ್ಲಿ ರಸ್ತೆಯಲ್ಲಿ ಬ್ರೇಕ್ ಹಿಡಿದುಕೊಂಡು ಇಳಿದು ಬಂದು, ಆ ಜಾಗವೇ ಚೆನ್ನಾಗಿಲ್ಲ ಅನ್ನುತ್ತಾರೆ.

ಇನ್ನು ಮ್ಯಾಪಿನಲ್ಲಿ ಕಾಂಟೂರ್ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು ನೋಡಿ. ದಾರಿ ಆ ಗೆರೆಗಳನ್ನು ನೇರವಾಗಿ ಕತ್ತರಿಸಿಕೊಂಡು ಹೋಗಿದ್ದರೆ ಅದು ನೀರು ಹರಿಯುವ ದಾರಿಯೂ ಹೌದು. ಮಳೆ ನೀರು ಮಣ್ಣನ್ನೆಲ್ಲ ಕೊಚ್ಚಿ, ನಡುವೆ ಒಂದು ಕೊರಕಲು, ಪಕ್ಕದಲ್ಲಿ ಸಡಿಲ ಕಲ್ಲು, ಅಷ್ಟೇ ಉಳಿದಿರುತ್ತದೆ. ಗೆರೆಗಳನ್ನು ಓರೆಯಾಗಿ ದಾಟುವ ದಾರಿ ಬಾಳಿಕೆ ಬರುತ್ತದೆ. ಟ್ರೇಲ್, ಅಂದರೆ ಇಂಥ ಕಿರಿದಾರಿ, ಕಟ್ಟುವವರ ಲೆಕ್ಕವೂ ಇದೇ: ಗುಡ್ಡದ ಮೈ ಎಷ್ಟು ಇಳಿಜಾರಿದೆಯೋ ದಾರಿಯ ಇಳಿಜಾರು ಅದರ ಅರ್ಧ ಮೀರಬಾರದು, ಸರಾಸರಿ ಶೇ. 10ರ ಒಳಗಿರಬೇಕು. ಗೆರೆಗಳು ಒತ್ತಾಗಿರುವ ಕಡೆ ದಾರಿ ಹಾವಿನಂತೆ ಸುತ್ತಿಕೊಂಡು ಇಳಿದಿದ್ದರೆ ಯಾರೋ ಯೋಚನೆ ಮಾಡಿ ಕಟ್ಟಿದ್ದಾರೆ ಅಂತ ತಿಳಿಯಿರಿ.

ಚುಕ್ಕಿ ಗೆರೆಯ ದಾರಿಗಳ ಮೇಲೆ ಅಷ್ಟು ಭರವಸೆ ಬೇಡ. ಮರ ಕಡಿದು ಮುಗಿದ ಮೇಲೆ ಎಷ್ಟೋ ದಾರಿಗಳು ಪೊದೆ ಬೆಳೆದು ಮುಚ್ಚಿಹೋಗುತ್ತವೆ, ಕೆಲವು ಒಂದು ಬಯಲಿಗೆ ಬಂದು ಅಲ್ಲೇ ನಿಂತುಬಿಡುತ್ತವೆ. ಉಪಗ್ರಹ ಚಿತ್ರದಲ್ಲಿ ಮರದ ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಜನ ಓಡಾಡಿದ್ದನ್ನು ಬಣ್ಣದಲ್ಲಿ ತೋರಿಸುವ ಹೀಟ್‌ಮ್ಯಾಪ್ ಇದಕ್ಕೆ ಸಹಾಯ ಮಾಡುತ್ತದೆ, ಆದರೆ ಸೈಕಲ್ಲಿಗೆ ಅನುಮತಿ ಇದೆಯಾ ಅನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ಜಾಗ ಯಾರದ್ದೋ ಅವರ ಹತ್ತಿರವೇ ಕೇಳಬೇಕು. ದೊಡ್ಡ ಏರನ್ನು ಮೊದಲ ಅರ್ಧದಲ್ಲೇ ಇಟ್ಟುಕೊಳ್ಳಿ, ಮಧ್ಯದಲ್ಲಿ ಎಲ್ಲಾದರೂ ರಸ್ತೆಗೆ ಇಳಿದುಬಿಡುವ ಒಂದು ಅಡ್ಡದಾರಿ ಗುರುತು ಮಾಡಿಟ್ಟುಕೊಳ್ಳಿ.

ಪ್ರಶ್ನೆ: ನೀಲಿ ಬಣ್ಣದ ಟ್ರೇಲ್ ಅಂದರೆ ಸುಲಭ ತಾನೇ?

ಉತ್ತರ: ಯಾವ ಪದ್ಧತಿಯ ನೀಲಿ ಅನ್ನುವುದರ ಮೇಲಿದೆ. ಟ್ರೇಲ್ ಎಷ್ಟು ಕಷ್ಟ ಅನ್ನುವುದನ್ನು ಬಣ್ಣದಲ್ಲಿ ಗುರುತಿಸುತ್ತಾರೆ, ಹಸಿರು ಸುಲಭದ್ದು, ಕಪ್ಪು ಕಷ್ಟದ್ದು. ಅಮೆರಿಕದಲ್ಲಿ ಹಸಿರು, ನೀಲಿ ಆದ ಮೇಲೆ ನೇರ ಕಪ್ಪು. ಬ್ರಿಟನ್ನಿನಲ್ಲಿ ನೀಲಿಗೂ ಕಪ್ಪಿಗೂ ನಡುವೆ ಕೆಂಪು ಇದೆ. ಹಾಗಾಗಿ ಅಮೆರಿಕದ ನೀಲಿಯೊಳಗೆ ಕೆಂಪಿನ ಒಂದಿಷ್ಟು ಭಾಗವೂ ಅಡಗಿರಬಹುದು. ಜರ್ಮನಿಯಿಂದ ಬಂದ ಎಸ್-0ರಿಂದ ಎಸ್-5ರವರೆಗಿನ ಅಳತೆ ನನಗೆ ಜಾಸ್ತಿ ಇಷ್ಟ, ಅದು ಕಣ್ಣಿಗೆ ಕಾಣುವುದನ್ನು ಹೇಳುತ್ತದೆ: ಎಸ್-1ರಲ್ಲಿ ಸಣ್ಣ ಬೇರು ಕಲ್ಲು, ಎಸ್-2ರಲ್ಲಿ ದೊಡ್ಡವು ಮತ್ತು ಮೆಟ್ಟಿಲು, ಎಸ್-3ರಲ್ಲಿ ಬಂಡೆ ಮತ್ತು ಗಿರಕಿ ತಿರುವು.

ಪ್ರಶ್ನೆ: ಮಳೆ ನಿಂತ ಮಾರನೇ ದಿನ ಹೋಗಬಹುದಾ?

ಉತ್ತರ: ಜಲ್ಲಿ ರಸ್ತೆಯಾದರೆ ಹೋಗಿ. ಕಿರಿದಾರಿಯಲ್ಲಿ ನಿಮ್ಮ ಟಯರು ಆಳವಾದ ಗೀರು ಬಿಡುತ್ತಿದ್ದರೆ ವಾಪಸ್ ಬನ್ನಿ, ಮುಂದಿನ ಮಳೆಯ ನೀರು ಅದೇ ಗೀರಿನಲ್ಲಿ ಹರಿದು ದಾರಿ ಹಾಳು ಮಾಡುತ್ತದೆ. ಇನ್ನೊಂದು, ಒದ್ದೆ ಬೇರು. ತೊಗಟೆ ಸವೆದು ಬಿಳಿಚಿಕೊಂಡು ಹೊಳೆಯುತ್ತಿರುವ ಬೇರು ದಾರಿಗೆ ಓರೆಯಾಗಿ ಬಿದ್ದಿದ್ದರೆ ಅದೇ ಅಪಾಯದ್ದು. ಮುಂದಿನ ಚಕ್ರ ಅದರ ಮೇಲೆ ಹತ್ತುವುದಿಲ್ಲ, ಬೇರಿನ ಉದ್ದಕ್ಕೂ ಜಾರುತ್ತದೆ, ನಿಮಗೆ ಗೊತ್ತಾಗುವುದರೊಳಗೆ ಹ್ಯಾಂಡಲ್ ಒಂದು ಕಡೆ, ನೀವು ಒಂದು ಕಡೆ. ಸಾಧ್ಯವಾದಷ್ಟು ಬೇರಿಗೆ ಲಂಬಕೋನದಲ್ಲಿ ದಾಟಿ. ಬ್ರೇಕ್ ಅದಕ್ಕಿಂತ ಮೊದಲೇ ಹಿಡಿದು, ಬೇರಿನ ಮೇಲೆ ಬಿಟ್ಟುಬಿಡಿ. ಟಯರಿನ ಗಾಳಿ ಎರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆ ಮಾಡಿದರೆ ಹಿಡಿತ ಜಾಸ್ತಿಯಾಗುತ್ತದೆ, ಆದರೆ ಟ್ಯೂಬ್ ಇರುವ ಟಯರಾದರೆ ತೀರಾ ಇಳಿಸಬೇಡಿ, ಕಲ್ಲಿಗೆ ತಗುಲಿ ರಿಮ್ಮಿನ ನಡುವೆ ಟ್ಯೂಬ್ ಸಿಕ್ಕಿಕೊಂಡು ಜೋಡಿ ತೂತಾಗುತ್ತದೆ.

ಪ್ರಶ್ನೆ: ಉದ್ದ ಇಳಿಜಾರಿನಲ್ಲಿ ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತದೆ. ಹೆದರಬೇಕಾ?

ಉತ್ತರ: ನಿಲ್ಲಬೇಕು. ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದರೆ ಡಿಸ್ಕ್ ಕಾದು ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ. ಆಯಿಲ್ ಬ್ರೇಕಾದರೆ ದ್ರವವೂ ಕುದಿದು ಲಿವರ್ ಮೆತ್ತಗಾಗಬಹುದು. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ಆಮೇಲೆ ಪೂರ್ತಿ ಬಿಡಿ, ಬಿಟ್ಟಾಗಲೇ ಅದು ಆರುವುದು. ಡಿಸ್ಕನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ.

ಪ್ರಶ್ನೆ: ಒಬ್ಬನೇ ಹೋಗುತ್ತೇನೆ. ಏನು ಒಯ್ಯಲಿ?

ಉತ್ತರ: ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅನ್ನುವುದನ್ನು ಮೊದಲು ಯಾರಿಗಾದರೂ ಹೇಳಿ. ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ, ಮ್ಯಾಪ್ ಫೋನಿಗೆ ಇಳಿಸಿಕೊಂಡಿರಿ. ಬಯಲಿಗಿಂತ ಅಲ್ಲಿ ಬೇಗ ಕತ್ತಲಾಗುತ್ತದೆ, ಸಣ್ಣ ಲೈಟ್ ಇರಲಿ. ನೀರು, ಪಂಪು, ಟ್ಯೂಬ್, ಚೈನ್ ಟೂಲ್ ಎಲ್ಲರಿಗೂ ಗೊತ್ತು. ಮರೆಯುವುದು ಹೆಚ್ಚುವರಿ ಡಿರೈಲರ್ ಹ್ಯಾಂಗರ್. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿರುವ ಈ ಪುಟ್ಟ ತುಂಡು ಬಿದ್ದರೆ ಬಾಗಲೆಂದೇ ಮೆದು ಲೋಹದಲ್ಲಿ ಮಾಡಿದ್ದು. ಒಂದು ಕೋಲು ಸಿಕ್ಕಿಕೊಂಡರೂ ಮುರಿಯುತ್ತದೆ, ಮುರಿದರೆ ಗೇರೇ ಇಲ್ಲ. ಎಷ್ಟೋ ಸೈಕಲ್ಲುಗಳಲ್ಲಿ ಮಾಡೆಲ್ಲಿಗೊಂದು ಆಕಾರ ಇರುವುದರಿಂದ ಕೊಂಡ ದಿನವೇ ನಿಮ್ಮ ಸೈಕಲ್ಲಿಗೆ ಹೊಂದಿಸಿ ನೋಡಿ, ಆಮೇಲೆ ಬ್ಯಾಗಿಗೆ ಹಾಕಿ.