ಕಾರ್ಯಾಗಾರಕ್ಕೆ ಚಾಂಟರ್ ಒಂದೇ ಸಾಕು
ಎಂಟು ತಿಂಗಳಿಂದ ಪ್ರಾಕ್ಟೀಸ್ ಚಾಂಟರ್ (ಬ್ಯಾಗ್‌ಪೈಪ್‌ನ ಬೆರಳಾಟ ಕಲಿಯಲು ಊದುವ ಚಿಕ್ಕ ಕೊಳವೆ) ಮಾತ್ರ ನುಡಿಸುತ್ತಿದ್ದೇನೆ, ಸ್ವಂತ ಬ್ಯಾಗ್‌ಪೈಪ್ ಇಲ್ಲ, ಗ್ಲಾಸ್ಗೋದ ವಾರಾಂತ್ಯದ ಕಾರ್ಯಾಗಾರಕ್ಕೆ ಹೋದರೆ ನಗೆಪಾಟಲಾಗುತ್ತೇನೆಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ, ಹೋಗಿ. ಆರಂಭಿಕರ ಪಾಠ ಬಹುಪಾಲು ಮೇಜಿನ ಸುತ್ತ ಕುಳಿತು ಚಾಂಟರ್‌ನಲ್ಲೇ ನಡೆಯುತ್ತದೆ. ಈ ವಾದ್ಯದಲ್ಲಿ ಇರುವುದು ಒಂಬತ್ತೇ ಸ್ವರ, ನಾದವನ್ನು ನಡುವೆ ನಿಲ್ಲಿಸುವಂತಿಲ್ಲ. ಒಂದೇ ಸ್ವರ ಎರಡು ಸಲ ಬೇಕೆಂದರೆ ನಡುವೆ ಗ್ರೇಸ್‌ನೋಟ್ ಎಂಬ ಕ್ಷಣಮಾತ್ರದ ಅಲಂಕಾರ ಸ್ವರ ತೂರಿಸಲೇಬೇಕು. ನನ್ನ ಮೊದಲ ಕಾರ್ಯಾಗಾರದ ಇಡೀ ಬೆಳಗ್ಗೆ ಅದೊಂದಕ್ಕೇ ಹೋಯಿತು. ಮಧ್ಯಾಹ್ನ ಚಹಾದ ಲೋಟ ಹಿಡಿದರೂ ಬೆರಳು ಕುಣಿಯುತ್ತಿತ್ತು.

ಸಂಜೆಯ ಕಛೇರಿಯನ್ನು ಮಾತ್ರ ತಪ್ಪಿಸಬೇಡಿ, ಅದರಲ್ಲೂ ಬ್ಯಾಗ್‌ಪೈಪ್‌ನ ಶಾಸ್ತ್ರೀಯ ಸಂಗೀತವಾದ ಪೀಬ್ರೋಕ್ ಇದ್ದರೆ. ನುಡಿಸುವ ಮುನ್ನ ಶ್ರುತಿ ಕೂಡಿಸುವುದನ್ನು ಗಮನಿಸಿ: ಎಡಗೈ ಒಂದು ಸ್ವರ ಹಿಡಿದಿರುತ್ತದೆ, ಬಲಗೈ ಪೈಪ್‌ನ ಸ್ವರ ನುಡಿಸುವ ಕೊಳವೆಯಾದ ಚಾಂಟರ್ ಬಿಟ್ಟು, ಭುಜದ ಮೇಲಿನ, ಒಂದೇ ಸ್ವರ ಎಡೆಬಿಡದೆ ಮೊಳಗಿಸುವ ಡ್ರೋನ್ ಕೊಳವೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತದೆ. ಎರಡು ಟೆನರ್ (ಮೇಲಿನ ಸ್ಥಾಯಿಯ) ಡ್ರೋನ್‌ಗಳ ನಡುವಿನ ನಾದದ ಅಲೆದಾಟ ನಿಧಾನವಾಗುತ್ತಾ ಬಂದು ಒಮ್ಮೆಲೇ ಮಾಯವಾಗುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಆ ಕ್ಷಣ ತಕ್ಷಣ ಗೊತ್ತಾಗುತ್ತದೆ. ಪೀಬ್ರೋಕ್ ಅನ್ನು ಹಿಂದೆ ಬಾಯಿಪಾಠವಾಗಿ, ಅಕ್ಷರಗಳಲ್ಲಿ ಹಾಡಿಯೇ ಕಲಿಸುತ್ತಿದ್ದರು. ಈಗಲೂ ಕೆಲವು ಗುರುಗಳು ಹಾಡಿ ತೋರಿಸುತ್ತಾರೆ. ಸ್ವರ ಹಾಡಿ ಕಲಿತ ನಮಗೆ ಅದು ಹೊಸದಲ್ಲ.

ಇಯರ್‌ಪ್ಲಗ್ ಒಯ್ಯಿರಿ; ಚಿಕ್ಕ ಕೋಣೆಯಲ್ಲಿ ನಾಲ್ಕು ಪೈಪ್ ಒಟ್ಟಿಗೆ ಮೊಳಗಿದರೆ ತಮಾಷೆಯಲ್ಲ. ಸಮಯ ಉಳಿದರೆ ಮ್ಯಾಕ್‌ಫೇಟರ್ ಬೀದಿಯ ನ್ಯಾಷನಲ್ ಪೈಪಿಂಗ್ ಸೆಂಟರ್‌ಗೆ ಹೋಗಿ, ಅಲ್ಲಿ ಹಳೆಯ ವಾದ್ಯಗಳ ಸಂಗ್ರಹವಿದೆ. ಪೈಪ್ ಖರೀದಿಯನ್ನು ಶಿಬಿರದ ಗುರುಗಳನ್ನು ಕೇಳಿದ ಮೇಲೆ ನೋಡಿಕೊಳ್ಳಿ.