ಏಣಿ ಎಲ್ಲಿ ನಿಲ್ಲಬೇಕು?

ಈ ಸಂಚಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಬೆಂಗಳೂರಿನ ನಿವೃತ್ತ ಅಗ್ನಿಶಾಮಕ ಅಧಿಕಾರಿಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ ಅಲ್ಲಿನ ಅಗ್ನಿಶಾಮಕ ಠಾಣೆಯನ್ನೂ ನೋಡಿ ಬಂದಿರೆಂದು ಬರೆದಿದ್ದಿರಿ. ಅವರ ವಾಹನಗಳಿಗೂ ನಮ್ಮವಕ್ಕೂ ಬಹಳ ಅಂತರವಿದೆಯೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಅಂತರವಿದೆ, ಆದರೆ ಜನ ಊಹಿಸುವಷ್ಟಿಲ್ಲ. ಠಾಣೆಯೊಳಗೆ ನಿಂತಾಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಆದದ್ದು ಬೀದಿಯಲ್ಲಿ ನಡೆಯುವಾಗ. (ನಮ್ಮ ವೃತ್ತಿಯವರಿಗೂ ಆರಿಸಲು ಬಾರದ ಕಿಚ್ಚು ಅದೊಂದೇ.) ಮಗಳ ಮನೆಯ ತಿರುವಿನಲ್ಲಿ, ಇಟ್ಟಿಗೆ ಗೋಡೆಯ ಮೇಲೆ, ಅಂಗೈಗಿಂತ ತುಸು ದೊಡ್ಡದಾದ ಹಳದಿ ಫಲಕವಿತ್ತು. ಅದರಲ್ಲಿ ಕಪ್ಪು ಬಣ್ಣದ ‘ಎಚ್’ ಅಕ್ಷರ, ಅಕ್ಷರದ ಮೇಲಿನ ಸಂದಿನಲ್ಲಿ 100, ಕೆಳಗಿನ ಸಂದಿನಲ್ಲಿ 3. ಮೇಲಿನ ಅಂಕಿ ನೆಲದಡಿಯ ನೀರಿನ ಕೊಳವೆಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. ಕೆಳಗಿನದು ಫಲಕದಿಂದ ಹೈಡ್ರಂಟು, ಅಂದರೆ ಬೆಂಕಿ ಆರಿಸಲು ಆ ಕೊಳವೆಯಿಂದ ನೀರು ಪಡೆಯುವ ನಲ್ಲಿ, ಎಷ್ಟು ಮೀಟರ್ ದೂರದಲ್ಲಿದೆ ಎಂಬುದನ್ನು. ನಾನು ಮೂರು ದೊಡ್ಡ ಹೆಜ್ಜೆ ಹಾಕಿ ನೋಡಿದೆ. ಕಾಲ ಕೆಳಗೆ ಕಬ್ಬಿಣದ ಮುಚ್ಚಳವಿತ್ತು. ಅದರ ಮೇಲೆ ಮರಳೂ ಇರಲಿಲ್ಲ, ಸ್ಕೂಟರೂ ಇರಲಿಲ್ಲ.

ಇದೇಕೆ ದೊಡ್ಡ ಸಂಗತಿ ಎಂದರೆ, 4,500 ಲೀಟರಿನ ಟ್ಯಾಂಕ್ ಹೊತ್ತ ಜಲವಾಹನವೊಂದು ಬಂದು ನಿಂತು, ನಿಮಿಷಕ್ಕೆ 450 ಲೀಟರ್ ನೀರು ಚಿಮ್ಮಿಸುವ ಎರಡು ಬ್ರ್ಯಾಂಚುಗಳನ್ನು (ನೀರಿನ ಪೈಪಿನ ತುದಿಯ ನಳಿಕೆಗಳನ್ನು) ತೆರೆದರೆ ಐದೇ ನಿಮಿಷದಲ್ಲಿ ಟ್ಯಾಂಕ್ ಬರಿದಾಗುತ್ತದೆ. ಆರನೆಯ ನಿಮಿಷದ ನೀರು ಎಲ್ಲಿಂದ ಬರಬೇಕು? ನಾನು ಸೇವೆಗೆ ಸೇರಿದಾಗ ಪೇಟೆಯ ಹಳೆಯ ಬೀದಿಗಳಲ್ಲಿ ಇಂತಿಂಥ ಕಡೆ ಹೈಡ್ರಂಟು ಇದೆ ಎಂದು ಹಿರಿಯರು ಬೆರಳು ಮಾಡಿ ತೋರಿಸುತ್ತಿದ್ದರು. ಆಮೇಲೆ ಡಾಂಬರಿನ ಮೇಲೆ ಡಾಂಬರು ಬಿದ್ದು, ತೋರಿಸುವವರೂ ನಿವೃತ್ತರಾದರು. ನನ್ನ ಸೇವಾವಧಿಯ ಎಷ್ಟೋ ಬೆಂಕಿಗಳನ್ನು ನಾವು ಅಪಾರ್ಟ್‌ಮೆಂಟಿನ ಸಂಪಿನ ನೀರಿನಿಂದಲೋ, ಅದೇ ಬೀದಿಯಲ್ಲಿ ಸಿಕ್ಕ ನೀರಿನ ಟ್ಯಾಂಕರಿನಿಂದಲೋ ಆರಿಸಿದ್ದೇವೆ.

ಪ್ರಶ್ನೆ: ನಾವು 22ನೆಯ ಮಹಡಿಯಲ್ಲಿದ್ದೇವೆ. ಬೆಂಗಳೂರಿನಲ್ಲಿ ಈಗ 90 ಮೀಟರ್ ಎತ್ತರದ ಏಣಿ ವಾಹನವಿರುವುದರಿಂದ ಚಿಂತೆಯಿಲ್ಲ ಎಂದು ನಮ್ಮ ಸಂಘದ ಕಾರ್ಯದರ್ಶಿಯವರು ಹೇಳುತ್ತಾರೆ. ನಂಬಬಹುದೇ?
– ಗೃಹಿಣಿ, ಹೆಬ್ಬಾಳ

ಉತ್ತರ: ಏಣಿಯನ್ನು ನಂಬಿ, ಕಾರ್ಯದರ್ಶಿಯವರನ್ನು ಒಂದು ಪ್ರಶ್ನೆ ಕೇಳಿ: ಅದು ನಿಮ್ಮ ಆವರಣದಲ್ಲಿ ಎಲ್ಲಿ ನಿಲ್ಲಬೇಕು? ಅಂಥ ವಾಹನವು ಏಣಿಯನ್ನು ಎತ್ತುವ ಮೊದಲು ನಾಲ್ಕೂ ಕಡೆ ಊರುಗಾಲುಗಳನ್ನು ಚಾಚಿ ಗಟ್ಟಿ ನೆಲದ ಮೇಲೆ ಊರಬೇಕು. ಅನೇಕ ಸಮುಚ್ಚಯಗಳಲ್ಲಿ ರಸ್ತೆಯಂತೆ ಕಾಣುವುದು ರಸ್ತೆಯಲ್ಲ, ನೆಲಮಾಳಿಗೆಯ ಛಾವಣಿ. ಅದು ಅಷ್ಟು ಭಾರವನ್ನು ಹೊರುವಂತೆ ಕಟ್ಟಿದ್ದಾರೆಯೇ ಎಂಬುದು ನಕ್ಷೆಯಲ್ಲಿರುತ್ತದೆ. ಉಳಿದ ಜಾಗವನ್ನು ಹೂಕುಂಡಗಳೂ ಅತಿಥಿಗಳ ಕಾರುಗಳೂ ಹಂಚಿಕೊಂಡಿರುತ್ತವೆ.

ಏಣಿಯ ಮೇಲೆ ಭಾರ ಹಾಕಿದವರ ಕಥೆ ಹಳೆಯದು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಸಿದ್ಧ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದಾಗ, ಕೆಲಸಗಾರರು ಎಂಟನೆಯ ಮಹಡಿಯಿಂದ ಮೇಲಿದ್ದರು, ಏಣಿ ಆರನೆಯದರವರೆಗೆ ಮಾತ್ರ ಹೋಯಿತು, ಹೊರಹೋಗುವ ಬಾಗಿಲೊಂದಕ್ಕೆ ಬೀಗ ಹಾಕಲಾಗಿತ್ತು. 146 ಮಂದಿ ಸತ್ತರು. ನಮ್ಮ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನ ತೀರಿಕೊಂಡರು. ಅಲ್ಲಿ ಉರಿಗಿಂತ ಹೊಗೆ ಕ್ರೂರವಾಗಿತ್ತು, ಉಸಿರಾಡಲಾಗದೆ ಕೆಲವರು ಕಿಟಕಿಯಿಂದ ಹಾರಿದರು.

ಆದ್ದರಿಂದ ಮೆಟ್ಟಿಲ ಬಾಗಿಲನ್ನು ನೋಡಿ. ತಾನೇ ಮುಚ್ಚಿಕೊಳ್ಳಬೇಕಾದ ಆ ಬಾಗಿಲು ಮುಚ್ಚಿಕೊಳ್ಳದಂತೆ, ಅದಕ್ಕೆ ಅಗ್ನಿನಂದಕದ ಸಿಲಿಂಡರನ್ನೇ ಅಡ್ಡ ಇಟ್ಟಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ಒಮ್ಮೆ ರಾತ್ರಿಯ ಕರೆಯೊಂದಕ್ಕೆ ಹೋದಾಗ ತಾರಸಿಯ ಬಾಗಿಲಿಗೆ ಬೀಗವಿತ್ತು; ಕೀಲಿ ಕಾವಲುಗಾರನ ಬಳಿ, ಕಾವಲುಗಾರ ಚಹಾ ಅಂಗಡಿಯಲ್ಲಿ. ಬೀಗ ಒಡೆಯಲು ನಮಗೆ ಹಿಡಿದದ್ದು ಒಂದೂವರೆ ನಿಮಿಷ, ಒಳಗಿನ ಹನ್ನೊಂದು ಜನಕ್ಕೆ ಅದು ಎಷ್ಟಾಗಿ ಕಂಡಿತೋ ತಿಳಿಯದು.

ಪ್ರಶ್ನೆ: ಜಪಾನಿನಲ್ಲಿ ಒತ್ತೊತ್ತಾದ ಮರದ ಮನೆಗಳಿದ್ದವಂತೆ. ಅವರಿಂದ ನಮ್ಮ ಪೇಟೆಯವರು ಕಲಿಯುವುದೇನಾದರೂ ಇದೆಯೇ?
– ಬಟ್ಟೆ ವ್ಯಾಪಾರಿ, ಮಾಮೂಲ್‌ಪೇಟೆ

ಉತ್ತರ: ಟೋಕಿಯೊಗೆ ಎಡೋ ಎಂಬ ಹೆಸರಿದ್ದಾಗ, 1657ರ ಮಹಾ ಬೆಂಕಿ ನಗರದ ಬಹುಭಾಗವನ್ನು ತಿಂದು ಹಾಕಿತು. ಆಳುವವರು ಅಲ್ಲಲ್ಲಿ ಬೀದಿಗಳನ್ನು ಅಗಲಿಸಿ, ಉರಿ ದಾಟದಂತೆ ಬಯಲು ಬಿಟ್ಟರು. ಅಂಥ ಅಗಲ ಬೀದಿಗೆ ಹಿರೋಕೋಜಿ ಎಂದು ಹೆಸರು, ಇಂದಿಗೂ ಉಎನೋ ಹಿರೋಕೋಜಿ ಎಂಬ ರೈಲು ನಿಲ್ದಾಣವಿದೆ. ಮಾಮೂಲ್‌ಪೇಟೆಯಲ್ಲಿ ಬೀದಿ ಅಗಲಿಸಿ ಎಂದು ನಾನು ಬರೆದರೆ ನೀವು ಪತ್ರಿಕೆಯನ್ನು ಮಡಚಿಡುತ್ತೀರಿ, ಅದು ನನಗೆ ಗೊತ್ತು.

ಅಷ್ಟು ದೂರ ಹೋಗುವುದು ಬೇಡ. ಟೋಕಿಯೊದ ಕಟ್ಟಡಗಳ ಮೂರನೆಯ ಅಂತಸ್ತಿನಿಂದ ಮೇಲೆ ಕೆಲವು ಕಿಟಕಿಗಳ ಗಾಜಿಗೆ ತಲೆಕೆಳಗಾದ ಕೆಂಪು ತ್ರಿಕೋನವನ್ನು ಅಂಟಿಸಿರುತ್ತಾರೆ. ಅಗ್ನಿಶಾಮಕರು ಹೊರಗಿನಿಂದ ಒಳನುಗ್ಗಬೇಕಾದದ್ದು ಅಲ್ಲಿಂದಲೇ ಎಂಬ ಗುರುತು ಅದು. ಕಾನೂನೇ ಅದನ್ನು ಬೇಡುತ್ತದೆ. ಮೊದಲ ಬಾರಿ ಕಂಡಾಗ ಅಂಗಡಿಯ ಜಾಹೀರಾತೆಂದುಕೊಂಡೆ, ಅರ್ಥ ತಿಳಿದ ಮೇಲೆ ಬೀದಿಯುದ್ದಕ್ಕೂ ಕತ್ತೆತ್ತಿ ಎಣಿಸುತ್ತಾ ಹೋದೆ. ನಾವಾದರೋ ಕಳ್ಳರಿಗೆ ಹೆದರಿ ಕಿಟಕಿ, ಬಾಲ್ಕನಿಗಳಿಗೆಲ್ಲ ಗ್ರಿಲ್ ಬೆಸುಗೆ ಹಾಕಿಸುತ್ತೇವೆ. ಕೆಳಗೆ ಗೋದಾಮು, ಮೇಲೆ ಸಂಸಾರ, ನಡುವೆ ಒಂದೇ ಮೆಟ್ಟಿಲು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದರಲ್ಲಿ ಐವರು ಬೆಂಕಿಗೆ ಬಲಿಯಾದದ್ದು ನಿಮ್ಮ ಅಂಗಡಿಗೆ ದೂರವಲ್ಲ. ಗ್ರಿಲ್ ಇರಲಿ, ಆದರೆ ಒಂದು ಕಿಟಕಿಗಾದರೂ ಒಳಗಿನಿಂದ ತೆರೆಯುವ ಕೀಲು ಬಾಗಿಲು ಇಡಿಸಿ, ಅದರ ಕೀಲಿಯನ್ನು ಮಕ್ಕಳಿಗೂ ತಿಳಿದಿರುವ ಮೊಳೆಗೆ ತೂಗುಹಾಕಿ.

ಪ್ರಶ್ನೆ: ಅಮೆರಿಕದ ಅಗ್ನಿಶಾಮಕರು ಕಂಬ ಹಿಡಿದು ಸರ್ರನೆ ಜಾರಿ ಇಳಿಯುತ್ತಾರೆ. ನಮ್ಮವರು ಏಕೆ ಇಳಿಯುವುದಿಲ್ಲ?
– ಎಂಟನೆಯ ತರಗತಿಯ ವಿದ್ಯಾರ್ಥಿ, ಮಲ್ಲೇಶ್ವರ

ಉತ್ತರ: ನಮ್ಮವರು ಸಾಮಾನ್ಯವಾಗಿ ನೆಲಮಹಡಿಯಲ್ಲೇ ಇರುತ್ತಾರೆ ಮಗು, ಜಾರಲು ಎತ್ತರ ಬೇಡವೇ? ಆ ಕಂಬವನ್ನು 1878ರಲ್ಲಿ ಷಿಕಾಗೊದ ಡೇವಿಡ್ ಕೆನ್ಯನ್ ಎಂಬ ಠಾಣಾ ನಾಯಕರು ಮೊದಲು ಹಾಕಿಸಿದರು. ಆಗ ಠಾಣೆಯಲ್ಲಿ ಕೆಳಗೆ ಬಂಡಿ ಎಳೆಯುವ ಕುದುರೆ, ಮೇಲೆ ಮನುಷ್ಯರು.

ಪ್ರಶ್ನೆ: ಹಾಂಗ್‌ಕಾಂಗ್‌ನ ದುರಂತಕ್ಕೆ ಬಿದಿರಿನ ಅಟ್ಟಣಿಗೆಯೇ ಕಾರಣವೆಂದು ಓದಿದೆ. ನಿಮ್ಮ ಅಭಿಪ್ರಾಯವೇನು?
– ಸಿವಿಲ್ ಎಂಜಿನಿಯರ್, ವಿಜಯನಗರ

ಉತ್ತರ: 2025ರ ನವೆಂಬರ್ 26ರಂದು ತೈ ಪೋದ ವಾಂಗ್ ಫುಕ್ ಕೋರ್ಟ್‌ನಲ್ಲಿ ಎಂಟು ಗೋಪುರಗಳ ಪೈಕಿ ಏಳು ಹೊತ್ತಿ ಉರಿದು, 150ಕ್ಕೂ ಹೆಚ್ಚು ಜನ ಸತ್ತರು. ಬಿದಿರನ್ನು ಬೈಯುವುದು ಸುಲಭ, ಏಕೆಂದರೆ ಅದು ಹಳೆಯ ಕಾಲದ್ದಾಗಿ ಕಾಣುತ್ತದೆ. ನಾನಾದರೆ ಮೊದಲು ದೂರುವುದು ಅಟ್ಟಣಿಗೆಗೆ ಹೊದಿಸಿದ್ದ ಪರದೆಯನ್ನೂ, ದುರಸ್ತಿಗೆಂದು ಕಿಟಕಿಗಳಿಗೆ ಮೆತ್ತಿದ್ದ ಫೋಮ್ ಹಲಗೆಗಳನ್ನೂ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರಲ್ಲಿ 72 ಜನರನ್ನು ಕೊಂದದ್ದೂ ಹೊರಗೋಡೆಗೆ ತೊಡಿಸಿದ ಹೊಸ ಹೊದಿಕೆಯೇ. ಬೆಂಕಿ ಒಂದೇ ಮನೆಯಲ್ಲಿ ಉಳಿಯುತ್ತದೆಂಬ ನಂಬಿಕೆಯ ಮೇಲೆ ‘ಒಳಗೇ ಇರಿ’ ಎಂದು ನಿವಾಸಿಗಳಿಗೆ ಹೇಳಲಾಗಿತ್ತು. ಹೊರಗೋಡೆಯೇ ಹೊತ್ತಿದ ಮೇಲೆ ಆ ಮಾತಿಗೆ ಅರ್ಥವಿರಲಿಲ್ಲ. ನಮ್ಮಲ್ಲಿ ಬಿದಿರು ಇಲ್ಲದಿದ್ದರೂ ಸರ್ವೆ ಕಂಬವಿದೆ, ಹಸಿರು ಪರದೆಯಂತೂ ಇದ್ದೇ ಇದೆ. ಆ ಪರದೆ ಬೆಂಕಿ ಹಿಡಿಯುತ್ತದೆಯೇ ಎಂದು ಗುತ್ತಿಗೆದಾರರನ್ನು ಕೇಳುವವರು ನಿಮ್ಮಂಥ ಎಂಜಿನಿಯರುಗಳೇ ಆಗಬೇಕು.

ಪ್ರಶ್ನೆ: ಪ್ರವಾಸದಲ್ಲಿ ಹೋಟೆಲಿಗೆ ಹೋದೊಡನೆ ನೀವು ಮೊದಲು ಮಾಡುವ ಕೆಲಸ ಯಾವುದು?
– ನಿವೃತ್ತ ಶಿಕ್ಷಕಿ, ಜಯನಗರ

ಉತ್ತರ: ಕೋಣೆಯಿಂದ ಮೆಟ್ಟಿಲಿನವರೆಗೆ ಗೋಡೆಗೆ ಕೈಯಾನಿಸಿಕೊಂಡು ನಡೆದು, ನಡುವಿನ ಬಾಗಿಲುಗಳನ್ನು ಎಣಿಸುತ್ತೇನೆ. ಹೊಗೆ ತುಂಬಿದಾಗ ಕಣ್ಣಿಗೆ ಕೆಲಸವಿರುವುದಿಲ್ಲ, ಬಗ್ಗಿ ನಡೆಯುವವನಿಗೆ ಬಾಗಿಲ ಚೌಕಟ್ಟುಗಳೇ ಮೈಲಿಗಲ್ಲು. ನಂತರ ಮೆಟ್ಟಿಲ ಬಾಗಿಲನ್ನು ತಳ್ಳಿ, ಅದು ತೆರೆಯುತ್ತದೆಯೇ ಎಂದು ನೋಡುತ್ತೇನೆ. ಮೊದಮೊದಲು ನನ್ನ ಮನೆಯವರು ಇದನ್ನು ಕಂಡು ನಗುತ್ತಿದ್ದರು. ಕಳೆದ ಬಾರಿ ಟೋಕಿಯೊದಲ್ಲಿ ನಾನು ಪೆಟ್ಟಿಗೆ ಬಿಚ್ಚುತ್ತಿರುವಾಗಲೇ ಅವರು ಹೊರಗೆ ಹೋಗಿ ಬಂದು, “ಎಡಗಡೆ ಏಳನೆಯ ಬಾಗಿಲು, ತೆರೆಯುತ್ತದೆ” ಎಂದರು.